ಮೇಜರ್ ಸಾರಿನ ಬಾಯಿ

ಹಿಂದೂಪುರದಲ್ಲಿ ಯಾವ ಸನ್ಮಾನ ನಡೆದರೂ ವೇದಿಕೆಯ ಮೇಲಿನ ದೊಡ್ಡ ಕುರ್ಚಿ ಅಪ್ಪನದು, ಅದರ ಹಿಂದಿನ ಪ್ಲಾಸ್ಟಿಕ್ ಕುರ್ಚಿ ನನ್ನದು. ಅಪ್ಪ ನಿವೃತ್ತ ಮೇಜರ್. ಗಡಿಯಲ್ಲಿ ಗುಂಡೇಟು ತಿಂದೂ ಗಾಯಗೊಂಡ ಇಬ್ಬರನ್ನು ಹೊತ್ತು ತಂದದ್ದಕ್ಕೆ ಶೌರ್ಯ ಪದಕ ಪಡೆದವನು. ಊರಿಗೆಲ್ಲ 'ಮೇಜರ್ ಸಾರು'. ಮನೆಯಲ್ಲಿ ಮಾತ್ರ ನಮ್ಮ ಕಡೆಯ ರೂಢಿಯಂತೆ ಏಕವಚನ. ಶಾಲು ಹೊದಿಸಿದ ಮೇಲೆ ಯಾರಾದರೂ ನನ್ನ ಕಡೆ ಮೈಕು ಚಾಚಿ, "ಮೇಡಂ, ಸಾರ್ ಬಗ್ಗೆ ಎಲ್ಡ್ ಮಾತಾಡ್ಬುಡಿ" ಅನ್ನುತ್ತಾರೆ. ಮೇಜರ್ ಸಾರು ನಮಗೆ ಬಿಟ್ಟು ಹೋಗುವ ಆಸ್ತಿ ಶಿಸ್ತು ಎಂದು ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಹೇಳಿ ಕೂರುತ್ತೇನೆ. ಚಪ್ಪಾಳೆ ಬೀಳುತ್ತದೆ. ನಿಜ ಹೇಳಿದರೆ ಬೀಳಲಾರದು.

ಅಪ್ಪ ಹುಟ್ಟಿದ್ದು ಕಲ್ಯಾಣದುರ್ಗದ ನೇಕಾರರ ಮನೆಯಲ್ಲಿ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರಲಾಗದೆ ಸೈನ್ಯಕ್ಕೆ ಓಡಿದ ಅನ್ನುತ್ತಾಳೆ ಅತ್ತೆ, ಅವನ ಅಕ್ಕ. ಸಿಪಾಯಿಯಾಗಿ ಸೇರಿ, ಪರೀಕ್ಷೆ ಕಟ್ಟಿ, ಅಧಿಕಾರಿಯಾದ. ನಿವೃತ್ತನಾಗಿ ಹಿಂದೂಪುರದಲ್ಲಿ ಮನೆ ಮಾಡಿದ ಮೇಲೆ ಸುತ್ತಲಿನ ಫ್ಯಾಕ್ಟರಿಯವರು ಹುಡುಕಿಕೊಂಡು ಬಂದರು. ಗೇಟಿನಲ್ಲಿ ಕಾವಲು ಹೇಗಿರಬೇಕು, ಬೆಂಕಿ ಬಿದ್ದರೆ ಜನ ಯಾವ ಬಾಗಿಲಿನಿಂದ ಇಳಿಯಬೇಕು, ಇವನ್ನೆಲ್ಲ ಹೇಳಿಕೊಡುವುದು ಅವನ ಕನ್ಸಲ್ಟೆನ್ಸಿ. ಕೆಲಸವೇನೋ ಅರೆದು ಕುಡಿದಿದ್ದ. ಕೆಟ್ಟಿದ್ದು ಮಾತು. ಬಾಲ್ಯದ ಬೀದಿ ತೆಲುಗು, ಬ್ಯಾರಕ್ಕಿನ ಹಿಂದಿ, ಅರ್ಧಂಬರ್ಧ ಕನ್ನಡ ಎಲ್ಲವೂ ಕಲಸುಮೇಲೋಗರ. ಫ್ಯಾಕ್ಟರಿಯ ಮಾಲೀಕನಿಗೂ 'ನುವ್ವು', ಅಂದರೆ 'ನೀನು', ಹೊಲಿಗೆಗೆ ಕೂತ ಹೆಂಗಸರಿಗೂ 'ಏಯ್'.

ನನ್ನ ಮದುವೆ ಮುರಿದಿತ್ತು. ನಾಲ್ಕು ದಿನ ಇದ್ದು ಹೋಗೋಣ ಎಂದು ಬಂದವಳು ಒಂದು ಬೆಳಿಗ್ಗೆ ಅಪ್ಪನ ಜೊತೆ ಫ್ಯಾಕ್ಟರಿಗೆ ಹೋಗಿ, ಅವನು ಗದರಿದ್ದನ್ನು ನಯವಾದ ತೆಲುಗಿಗೆ ತಿರುಗಿಸಿ ಹೇಳಿದೆ. ಅಷ್ಟೇ, ಸಿಕ್ಕಿಬಿದ್ದೆ. ಅಂದಿನಿಂದ ಕಾರು ಓಡಿಸುವವಳೂ ನಾನು, ಅವನ ಬಾಯಿಯೂ ನಾನು. ರೇಗುವುದು ಅವನು, ಸಮಾಧಾನ ಮಾಡುವುದು ನಾನು. ವರ್ಷಗಳು ಹೀಗೇ ಹೋದವು. ಸಂಜೆಯಾದರೆ ನನ್ನದೇ ಆದ ಒಂದು ಮಾತೂ ಬಾಯಲ್ಲಿ ಉಳಿದಿರುತ್ತಿರಲಿಲ್ಲ. ಅಪ್ಪನ ಮೇಲೆ ಸಿಟ್ಟು ಉಕ್ಕುತ್ತಿತ್ತು. ಆದರೆ ಪದಕ ಪಡೆದವನ ಮೇಲಿನ ಸಿಟ್ಟನ್ನು ಆ ಊರಲ್ಲಿ ಯಾರ ಮುಂದೆ ತೋಡಿಕೊಳ್ಳಲಿ? ಅವನು ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು.

ಹೋದ ವರ್ಷ ಅತ್ತೆ ಕಲ್ಯಾಣದುರ್ಗದಿಂದ ಫೋನ್ ಮಾಡಿದಳು. ಅವಳದೊಂದು ಸೀರೆ ಅಂಗಡಿ. ಮಂಡಿ ನೋವಿಗೆ ಕೂರಲು ಏಳಲು ಆಗುತ್ತಿರಲಿಲ್ಲ.

"ನೀನೇ ಬಂದ್ಬುಡು ಕಣಮ್ಮ. ಅಂಗಡಿ ನೋಡ್ಕಂಡು ಇದ್ಬುಡು. ಮ್ಯಾಲೆ ಒಂದು ರೂಮೈತೆ, ನಿಂಗೇ ಅಂತ ಸುಣ್ಣ ಹೊಡಿಸ್ತೀನಿ. ಅವನು ಅಷ್ಟು ದೊಡ್ಡ ಮಿಲಿಟ್ರಿ ಮನ್ಸ, ಒಬ್ನೇ ಇರಕಾಗಲ್ವಾ?"

"ಒಂದು ಡ್ರಿಲ್ ಐತೆ ಅತ್ತೆ. ಅದ್ನ ಅವನೊಬ್ನೇ ಮಾಡ್ಬುಟ್ರೆ ಬಂದ್ಬುಡ್ತೀನಿ" ಅಂದೆ.

ಚಿಲಮತ್ತೂರಿನ ಕಡೆ, ಹೆದ್ದಾರಿ ಪಕ್ಕದ ಬಟ್ಟೆ ಫ್ಯಾಕ್ಟರಿಯಲ್ಲಿ ಬೆಂಕಿಯ ಡ್ರಿಲ್. ಬಟ್ಟೆ ಕೊಳ್ಳುವ ಕಂಪನಿಯವರು ಬೆಂಗಳೂರಿನಿಂದ ನೋಡಲು ಬರುವವರಿದ್ದರು. ಸೈರನ್ ಆದ ಕೂಡಲೇ ಮೇಲಿನ ಮಹಡಿಯ ಹೆಂಗಸರೆಲ್ಲ ಸಾಲಾಗಿ ಮೆಟ್ಟಿಲಿಳಿದು ಅಂಗಳಕ್ಕೆ ಬರಬೇಕು. ಅಪ್ಪ ಹೇಳಬೇಕಾದ ಮಾತು ಒಂದೇ ಒಂದು, 'ಪದಂಡಿ', ಅಂದರೆ ನಡೆಯಿರಿ. ಅದನ್ನು ಹೇಳಿಕೊಟ್ಟೆ. ವಾರವಿಡೀ ಹಲ್ಲುಜ್ಜುವಾಗ, ಶೂಗೆ ಪಾಲಿಶ್ ಹಾಕುವಾಗ ಅಪ್ಪ ಪದಂಡಿ ಪದಂಡಿ ಎಂದು ಉರು ಹೊಡೆದ. ಶಾಲೆಗೆ ಹೊಸದಾಗಿ ಸೇರಿದ ಮಗುವಿನಷ್ಟು ಶ್ರದ್ಧೆ. ನಗು ಬಂತು, ಪಾಪವೂ ಅನ್ನಿಸಿತು.

ಆ ದಿನ ನಾನು ಬೇಕೆಂದೇ ಕೆಳಗೆ, ಬೆಂಗಳೂರಿನವರ ಪಕ್ಕದಲ್ಲಿ ನಿಂತೆ. ಸೈರನ್ ಕೂಗಿತು. ಲೇಪಾಕ್ಷಿ ಸುತ್ತಿನ ಹಳ್ಳಿಗಳಿಂದ ಬರುವ ಹೆಂಗಸರು ಎದ್ದು, ದುಪಟ್ಟಾ ಸರಿಮಾಡಿಕೊಂಡು, ಅರ್ಧ ಮೆಟ್ಟಿಲಿಳಿದರು. ಮೇಲೆ ನಿಂತಿದ್ದ ಅಪ್ಪನ ಎದೆ ಉಬ್ಬಿತು. ಆ ಗದ್ದಲದಲ್ಲಿ ಅವನ ಬಾಯಿ ಸೀದಾ ಬ್ಯಾರಕ್ಕಿಗೆ ಓಡಿತು.

"ಚಾಲೂ! ಚಾಲೂ!"

ಸೈನ್ಯದಲ್ಲಿ ಚಾಲೂ ಎಂದರೆ ಶುರುಮಾಡಿ. ಆದರೆ ತೆಲುಗಿನಲ್ಲಿ ಚಾಲು ಎಂದರೆ ಸಾಕು. ಊಟಕ್ಕೆ ಕೂತಾಗ ಎಲೆಗೆ ಕೈ ಅಡ್ಡ ಹಿಡಿದು ಅಪ್ಪನೂ ಚಾಲು ಅನ್ನುವವನೇ. ಹೆಂಗಸರು ಇದ್ದಲ್ಲೇ ನಿಂತುಬಿಟ್ಟರು.

"ಸಾಕಂತೆ ಕಣ್ರಮ್ಮೋ, ಕೂಕಳ್ರಿ" ಎಂದಳು ಮುಂದಿದ್ದ ಒಬ್ಬ ಹಿರಿಯಳು. ಎಲ್ಲರೂ ಮೆಟ್ಟಿಲ ಮೇಲೇ ಕೂತರು.

ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಇನ್ನೂ ಜೋರಾಗಿ ಚಾಲೂ ಎಂದು ಕೂಗಿದ. ಅವನು ಕೂಗಿದಷ್ಟೂ ಅವರು ಗಟ್ಟಿಯಾಗಿ ಕೂತರು. ಎದ್ದಿದ್ದ ಒಬ್ಬಿಬ್ಬರನ್ನೂ ಪಕ್ಕದವರು ಕೈ ಹಿಡಿದು ಕೂರಿಸಿದರು. ಕಿಸಕ್ಕನೆ ಯಾರೋ ನಕ್ಕರು. ಬೆಂಗಳೂರಿನವರೂ ನಕ್ಕರು. ಆಗ ಅಪ್ಪ ಕಂಬಿಯ ಮೇಲಿಂದ ಬಗ್ಗಿ ನನ್ನನ್ನು ಹುಡುಕಿದ. ಆ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗುಂಡಿಗೆ ಹೆದರದವನು ನಗುವಿಗೆ ಹೆದರಿದ್ದ.

ಸುಮ್ಮನಿರು, ಇನ್ನೊಂದು ಗಳಿಗೆ ಸುಮ್ಮನಿರು ಎಂದು ನನಗೆ ನಾನೇ ಹೇಳಿಕೊಂಡೆ. ಅವನೇ ಸುಧಾರಿಸಿಕೊಳ್ಳಲಿ, ಕಲ್ಯಾಣದುರ್ಗದ ಆ ರೂಮು ನನಗೆ ಬೇಕು. ಕಾಲು ಕೇಳಲಿಲ್ಲ. ಮೆಟ್ಟಿಲ ಬುಡಕ್ಕೆ ಹೋಗಿ, "ಪದಂಡಮ್ಮಾ, ಪದಂಡಿ" ಅಂದೆ. ಎಲ್ಲರೂ ಎದ್ದು, ಸಾಲಾಗಿ, ಅಪ್ಪ ಬಯಸಿದ ಹಾಗೆಯೇ ಇಳಿದು ಬಂದರು. ಬೆಂಗಳೂರಿನವರು ಚಪ್ಪಾಳೆ ತಟ್ಟಿದರು.

ವಾಪಸು ಬರುವಾಗ ಕೊಡಿಕೊಂಡ ಎಂಬ ಊರು ದಾಟುವವರೆಗೆ ಅಪ್ಪ ಕಿಟಕಿಯಾಚೆಯೇ ನೋಡುತ್ತಿದ್ದ. ಆಮೇಲೆ, "ಬಾಯಿಗೆ ಅದೇ ಬಂದ್ಬುಡ್ತು ಕಣಮ್ಮ. ನೀನು ಇಲ್ದಿದ್ರೆ ಮಾನ ಹೋಗ್ತಿತ್ತು" ಅಂದ.

ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿತು. ರಸ್ತೆ ನೋಡುತ್ತಲೇ ಅಂದೆ:

"ಅಪ್ಪ, ನಾನು ಕಲ್ಯಾಣದುರ್ಗಕ್ಕೆ ಹೋಯ್ತೀನಿ. ಅತ್ತೆ ಕರೀತಾವ್ಳೆ. ಅಂಗಡಿ ನೋಡ್ಕಂಡು ಅಲ್ಲೇ..."

"ಹೋಗು ಹೋಗು" ಎಂದು ಅಪ್ಪ ನಡುವೆಯೇ ಉತ್ಸಾಹದಿಂದ ಹೇಳಿದ. "ಎಷ್ಟು ದುಡ್ದಿದೀಯ. ನಂಗೇ ಹೊಳೀಬೇಕಿತ್ತು. ಎಷ್ಟು ದಿನ ರಜಾ ಬೇಕು?"

ಅವನ ಜೀವಮಾನದಲ್ಲಿ ಊರಿಗೆ ಹೋಗುವುದೆಂದರೆ ರಜೆ, ರಜೆ ಮುಗಿದರೆ ವಾಪಸು. ಬಿಟ್ಟು ಹೋಗುವುದು ಎಂಬ ಇನ್ನೊಂದು ಬಗೆ ಅವನ ತಲೆಗೆ ಹೊಳೆಯಲೇ ಇಲ್ಲ. ನನ್ನ ಕಡೆ ತಿರುಗಿ ಕಾಯುತ್ತಿದ್ದ, ಕೊಡುವ ಕೈಯ ಸಂತೋಷ ಮುಖದ ತುಂಬ. ರಜೆಯಲ್ಲ ಅಪ್ಪ, ಅನ್ನಬೇಕಿತ್ತು. ಕನ್ನಡದಲ್ಲೂ ಬರಲಿಲ್ಲ, ತೆಲುಗಿನಲ್ಲೂ ಬರಲಿಲ್ಲ.

"ನಾಲ್ಕು ದಿನ" ಅಂದೆ.

"ಐದು ತಗಾ" ಅಂದ ಅಪ್ಪ.

ಅತ್ತೆ ರೂಮಿಗೆ ನಿಜಕ್ಕೂ ಸುಣ್ಣ ಹೊಡೆಸಿದ್ದಳು, ಬಾಗಿಲಿಗೆ ಒಳಗಿನಿಂದ ಹೊಸ ಚಿಲಕ ಹಾಕಿಸಿದ್ದಳು. ನನ್ನ ಚೀಲ ಎಷ್ಟು ಚಿಕ್ಕದೆಂದು ನೋಡಿದವಳು ಊಟಕ್ಕೆ ಎಲೆ ಹಾಕಿದಳು. ದಿನವೂ ಮಧ್ಯಾಹ್ನ ಆ ಚಿಲಕ ಹಾಕಿಕೊಂಡು ಮಲಗಿದೆ. ಯಾರ ಜೊತೆಗೂ ಮಾತಾಡಲಿಲ್ಲ, ಹಿತವಾಗಿತ್ತು. ಐದನೆಯ ದಿನ ಹಿಂದೂಪುರದ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ. ನಾನು ಇಳಿಯುವುದನ್ನು ಕಂಡು ಟೀ ಅಂಗಡಿಯವನಿಗೆ ಹೆಮ್ಮೆಯಿಂದ ಹೇಳಿದ:

"ನೋಡ್ದಾ? ಹೇಳಿದ್ ದಿನಕ್ಕೆ ಬಂದ್ಬುಟ್ಳು. ನನ್ ಮಗಳು ಕಣಪ್ಪ."