ಗೆಣಸಿನ ಪೆಟ್ಟಿಗೆ, ಬಂದೂಕಿನ ನಳಿಗೆ

ಈ ಸಲ ಪೆಟ್ಟಿಗೆ ಹಗುರವಾಗಿತ್ತು. ಹಿಂದೆ ನೆರೆಯವರಾಗಿದ್ದ ಹಯಾಶಿ ಸಾನ್ ವರ್ಷಕ್ಕೊಮ್ಮೆ ಕಳಿಸುವ ಗೆಣಸನ್ನು ಲಿಫ್ಟಿನಿಂದ ಮನೆಗೆ ತರುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಳ್ಳುವುದು ವಾಡಿಕೆ. ಈ ಸಲ ಮಗಳೇ ಎತ್ತಿಕೊಂಡು ಬಂದಳು. “ಅಪ್ಪಾ, ವೈ ಸೋ ಲೈಟ್?” ಅಂದಳು. ತೆರೆದರೆ ಅರ್ಧಕ್ಕರ್ಧ ಹಳೆಯ ಪತ್ರಿಕೆಯ ಉಂಡೆಗಳು. ಇದ್ದಷ್ಟನ್ನೇ ಸುಡಲು ಇಟ್ಟೆವು. ಯೋಕೋಹಾಮಾದ ಈ ಪುಟ್ಟ ಅಡುಗೆಮನೆಯಲ್ಲಿ ಗೆಣಸಿನ ವಾಸನೆ ಎದ್ದರೆ, ಅದರ ಬೆನ್ನಿಗೇ ನನಗೆ ಬಂದೂಕಿನ ಎಣ್ಣೆಯ ವಾಸನೆಯೂ ಬರುತ್ತದೆ. ಎಲ್ಲಿಯ ಗೆಣಸು, ಎಲ್ಲಿಯ ಬಂದೂಕು ಎಂದು ನೀವು ಕೇಳಬಹುದು, ಹೇಳುತ್ತೇನೆ.

ಕೊರೊನಾ ವರ್ಷಗಳಲ್ಲಿ ನಾನು ಕನಾಗಾವಾದ ಗುಡ್ಡವೊಂದರ ಬುಡದಲ್ಲಿ ಬಾಡಿಗೆಗಿದ್ದೆ. ಮೈಸೂರಿಗೆ ಹೋದ ಹೆಂಡತಿ, ಮಗಳು ಗಡಿ ಮುಚ್ಚಿದ್ದರಿಂದ ಅಲ್ಲೇ ಉಳಿದಿದ್ದರು. ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಉಕ್ಕಿನ ಕೊಳವೆಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಅನ್ನ ಸೀಯಿಸುವುದು ಹವ್ಯಾಸ. ಸೀದ ವಾಸನೆ ತಡೆಯಲಾರದೆ ಇರಬೇಕು, ಪಕ್ಕದ ಮನೆಯ ಹಯಾಶಿ ಸಾನ್ ನನ್ನ ಬಾಗಿಲಲ್ಲಿ ಗೆಣಸು, ಮೂಲಂಗಿ ಇಟ್ಟು ಹೋಗುತ್ತಿದ್ದರು. ಅರವತ್ತು ದಾಟಿದ, ಒಬ್ಬರೇ ಹೊಲ ನೋಡಿಕೊಳ್ಳುತ್ತಿದ್ದ ಹೆಂಗಸು. ಆ ಗೆಣಸು ಇಲ್ಲದಿದ್ದರೆ ನಾನು ಕೊಂಬಿನಿ ಅಂಗಡಿಯ ಬ್ರೆಡ್ಡಿನಲ್ಲೇ ಆ ಕಾಲ ನೂಕಬೇಕಿತ್ತು.

ಹೊಲಕ್ಕೆ ನುಗ್ಗುವ ಕಾಡುಹಂದಿಗಾಗಿ ಅವರ ಬಳಿ ಲೈಸೆನ್ಸಿನ ರೈಫಲ್ ಇತ್ತು. ಅದರ ನಳಿಗೆ ಸವೆದು, ಗುಂಡು ಪಕ್ಕಕ್ಕೆ ಬಿದ್ದು, ಒಂದು ಹಂದಿ ಗಾಯಗೊಂಡೇ ಕಾಡು ಸೇರಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು.

“ಹೊಡೆದರೆ ಒಂದೇ ಏಟಿಗೆ ಹೋಗಬೇಕು. ಆಗದಿದ್ದರೆ ಬಂದೂಕು ಇಟ್ಟುಕೊಳ್ಳಬಾರದು” ಅಂದರು. “ಬೇರೆ ಕಂಪನಿಯ ಬದಲಿ ನಳಿಗೆ ಬಂದಿದೆ. ಕೊಳವೆ ನೋಡುವವರು ನೀವು, ಬಂದು ನೋಡುತ್ತೀರಾ?”

ಫೋನಿನಲ್ಲಿ ಹೆಂಡತಿ ನಕ್ಕಳು. “ಅಲ್ಲಾ ರೀ, ಮೊಟ್ಟೆ ಕೂಡ ಮುಟ್ಟಲ್ಲ ನೀವು. ಹಂದಿ ಹೊಡೆಯೋಕೆ ಸರ್ಟಿಫಿಕೇಟ್ ಕೊಡ್ತೀರಾ?”

“ನಳಿಗೆಗೆ ಮಾತ್ರ ಕಣೇ” ಅಂದೆ. ಆದರೂ ಗಾಯಗೊಂಡು ಓಡಿದ ಆ ಹಂದಿ ನನ್ನ ತಲೆಯಿಂದಲೂ ಹೋಗಿರಲಿಲ್ಲ.

ಲೈಸೆನ್ಸ್ ಇಲ್ಲದವನು ಇಲ್ಲಿ ಬಂದೂಕು ಮುಟ್ಟುವ ಹಾಗಿಲ್ಲ. ಬಂದೂಕಿನ ಅಂಗಡಿಯಲ್ಲಿ ನಾನು ಮೇಷ್ಟ್ರ ಮುಂದೆ ನಿಂತವನಂತೆ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೆ. ಅಂಗಡಿಯವರು, ಹಯಾಶಿ ಸಾನ್ ಅವರ ಬಾಲ್ಯದ ಗೆಳೆಯ, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೊರಗೆ ಕನ್ನಡಿಯಂಥ ಹೊಳಪು. ಮಾಸ್ಕಿನ ಉಸಿರಿಗೆ ಮಂಜಾಗುತ್ತಿದ್ದ ಕನ್ನಡಕವನ್ನು ಒರೆಸಿ ಒರೆಸಿ ಒಳಗೆ ನೋಡಿದೆ. ನೆಟ್ಟಗಿರುವ ನಳಿಗೆಯಲ್ಲಿ ಬೆಳಕು ಉಂಗುರದೊಳಗೆ ಉಂಗುರವಾಗಿ ಕಾಣುತ್ತದೆ. ಇದರಲ್ಲಿ ನಡುವಿನಿಂದಾಚೆ ಉಂಗುರಗಳು ಒಂದು ಪಕ್ಕಕ್ಕೆ ಜಾರಿದ್ದವು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನಳಿಗೆಯ ಬಾಯಿಯ ಅಂಚಿಗೆ ಸವರಲು ಹೇಳಿದೆ, ಹತ್ತಿಯ ಎಳೆ ಸಿಕ್ಕಿಕೊಂಡಿತು. ಅಲ್ಲಿ ಉಕ್ಕಿನ ಸಣ್ಣ ಮುಳ್ಳೊಂದು ಎದ್ದಿತ್ತು. ಗುಂಡು ಹೊರಬೀಳುವಾಗ ಕೊನೆಗೆ ಸವರಿಕೊಂಡು ಹೋಗುವುದೇ ಆ ಅಂಚನ್ನು.

ಆ ನಳಿಗೆಯನ್ನು ತಿಂಗಳುಗಟ್ಟಲೆ ಹಡಗಿಗೆ ಕಾದು ತರಿಸಿದ್ದರು. ಇದಲ್ಲದಿದ್ದರೆ ಆ ವರ್ಷ ಬಂದೂಕಿಲ್ಲ, ಗೆಣಸೆಲ್ಲ ಹಂದಿಯ ಪಾಲು. ಎದುರಿಗೆ ಅವರ ಗೆಳೆಯ ಬೇರೆ. “ಚೊತ್ತೊ...” ಅಂದು ತಡವರಿಸಿದೆ. ‘ಸ್ವಲ್ಪ...’ ಎಂದು ಮಾತನ್ನು ಅರ್ಧಕ್ಕೇ ನುಂಗುವುದು ಇಲ್ಲಿಯ ಮರ್ಯಾದೆ. ಮುಂದಿನದನ್ನು ಕೇಳುವವರು ಊಹಿಸಿಕೊಳ್ಳಬೇಕು. ಹಯಾಶಿ ಸಾನ್ ಊಹಿಸಲು ಒಪ್ಪಲಿಲ್ಲ.

“ಜಪಾನೀಸಿನಲ್ಲಿ ಕಷ್ಟವಾದರೆ ನಿಮ್ಮ ಭಾಷೆಯಲ್ಲಿ ಹೇಳಿ.”

“ಬೇಡ” ಎಂದು ಕನ್ನಡದಲ್ಲೇ ಅಂದೆ.

ಯಾರೂ ಅರ್ಥ ಕೇಳಲಿಲ್ಲ. ಅಂಗಡಿಯವರು ನಳಿಗೆಯನ್ನು ಮೆಲ್ಲಗೆ ಬಟ್ಟೆಯಲ್ಲಿ ಸುತ್ತಿಟ್ಟರು. ಆ ವರ್ಷ ಹಂದಿಗಳು ಹೊಲ ಬಗೆದು ಹಾಕಿದವು. ಹಾಗಿದ್ದೂ ಉಳಿದ ಒಂದಿಷ್ಟು ಗೆಣಸು ನನ್ನ ಬಾಗಿಲಿಗೆ ಬಂದೇ ಬಂತು. ಅದನ್ನು ತಿನ್ನುವಾಗ ನನಗೆ ಕಣ್ಣು ತುಂಬಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಮರುವರ್ಷ ಬಂದ ನಳಿಗೆಯಲ್ಲಿ ಉಂಗುರಗಳು ಸರಿಯಾಗಿ ಕೂತಿದ್ದವು. ಆಮೇಲೆ ಯಾವ ಹಂದಿಯೂ ಗಾಯಗೊಂಡು ಓಡಲಿಲ್ಲವಂತೆ. ಗಡಿ ತೆರೆಯಿತು, ನನ್ನವರು ಬಂದರು, ನಾವು ಯೋಕೋಹಾಮಾಕ್ಕೆ ಬಂದೆವು.

ಪೆಟ್ಟಿಗೆ ಮುಟ್ಟಿತೆಂದು ಹೇಳಲು ಈಗ ಫೋನ್ ಮಾಡಿದೆ.

“ಸುಮಿಮಾಸೆನ್, ಕ್ಷಮಿಸಿ, ಅರ್ಧವೇ ಆಯಿತು” ಅಂದರು. “ಹಂದಿಗಳು ಪಾಲು ತೆಗೆದುಕೊಂಡವು.”

“ನಳಿಗೆ ಕೆಟ್ಟಿತೇ?”

“ನಳಿಗೆ ಗಟ್ಟಿಯಾಗಿದೆ. ಕಣ್ಣು ಮಂಜಾಗಿದೆ. ಬಂದೂಕು ಇನ್ನೊಂದು ವರ್ಷ ಇರಲಿ ಎಂದು ಎಲ್ಲರೂ ಹೇಳಿದರು. ನಾನೇ ನೋಡಿಕೊಂಡು ಹೇಳಿದೆ, ಬೇಡ.”

ಆ ಒಂದು ಪದವನ್ನು ಕನ್ನಡದಲ್ಲೇ ಹೇಳಿದರು. ಅರಿಗಾತೋ ಎಂದು ಧನ್ಯವಾದ ಹೇಳಿ ಫೋನಿಟ್ಟೆ.

ಮಗಳು ಸಿಪ್ಪೆ ಸುಲಿಯುತ್ತ, “ಸೋ ಯಾಕೆ ಹಾಫ್ ಬಾಕ್ಸ್?” ಅಂದಳು.

“ಹಾಫ್ ಅಲ್ಲಮ್ಮ, ಪೂರ್ತಿನೇ ಇದೆ” ಅಂದೆ.