ಆ ಜಾಗದ ಮುಲಾಮು

ಬೊಮ್ಮಸಂದ್ರದ ನಮ್ಮ ಗಾರ್ಮೆಂಟ್ಸಿನಲ್ಲಿ ಹೆಂಗಸರು ನೀರು ಕುಡಿಯುವುದಿಲ್ಲ. ಕುಡಿದರೆ ಟಾಯ್ಲೆಟ್ಟಿಗೆ ಏಳಬೇಕು. ಎದ್ದರೆ ಸೂಪರ್‌ವೈಸರ್ ಇಡೀ ಲೈನಿಗೆ ಕೇಳುವಂತೆ ‘ಏನಮ್ಮಾ, ಅಲ್ಲೇ ಮನೆ ಮಾಡ್ಕೊಂಡ್ಯಾ?’ ಅನ್ನುತ್ತಾನೆ. ದಿನವಿಡೀ ಸ್ಟೂಲಿನ ಮೇಲೆ ಕೂತು ಕಾಲರ್ ಹೊಲಿಯುವ ನಮ್ಮಲ್ಲಿ ಮೂಲವ್ಯಾಧಿ ಇಲ್ಲದವರು ಅಪರೂಪ. ಆದರೆ ಯಾರೂ ಆ ಹೆಸರು ಎತ್ತುವುದಿಲ್ಲ. ‘ಉಷ್ಣ’ ಅನ್ನುತ್ತೇವೆ, ಅಷ್ಟಕ್ಕೇ ಎಲ್ಲರಿಗೂ ತಿಳಿಯುತ್ತದೆ.

ಮುಲಾಮು ಕೊಳ್ಳುವುದಕ್ಕೂ ನಮ್ಮದೊಂದು ಪದ್ಧತಿ. ಖಾಲಿ ಟ್ಯೂಬನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋಗಿ, ಮೆಡಿಕಲ್ ಶಾಪಿನಲ್ಲಿ ಗಂಡಸರೆಲ್ಲ ಹೋಗುವವರೆಗೆ ಕಾದು, ಗಾಜಿನ ಮೇಲೆ ಇಟ್ಟುಬಿಡುವುದು. ಅಂಗಡಿಯವನು ಅಂಥದ್ದೇ ಹೊಸದನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ಮಾತಿಲ್ಲ, ಕತೆಯಿಲ್ಲ.

ನನ್ನ ಅಕ್ಕ ಹೀಗೆ ವರ್ಷಕ್ಕೂ ಮೇಲೆ ಮುಲಾಮು ಹಚ್ಚಿಕೊಂಡಳು. ಗಂಡ ಹೋದ ಮೇಲೆ ಮಗಳನ್ನು ಕೊಪ್ಪಳದ ಕಡೆ ನಮ್ಮವ್ವನ ಹತ್ತಿರ ಬಿಟ್ಟು ಬಂದಿದ್ದಳು. ಚಂದಾಪುರದ ಒಂದೇ ರೂಮಿನಲ್ಲಿ ನಾವಿಬ್ಬರೂ ಇದ್ದೆವು. ಹಚ್ಚಿದಾಗ ಉರಿ ಸ್ವಲ್ಪ ಹೊತ್ತು ತಣ್ಣಗಾಗುತ್ತಿತ್ತು, ರಕ್ತ ಮಾತ್ರ ನಿಲ್ಲುತ್ತಿರಲಿಲ್ಲ. ರವಿಕೆ ಸಡಿಲವಾಗುತ್ತಾ ಬಂತು. ಆಸ್ಪತ್ರೆಗೆ ಹೋಗೋಣವೆಂದರೆ ‘ಯಾರ ಮುಂದ ಸೀರಿ ಎತ್ತಲಿ? ನಾಚಿಕಿಲ್ಲೇನ ನಿನಗ?’ ಎಂದು ನನ್ನ ಮೇಲೇ ಹರಿಹಾಯುತ್ತಿದ್ದಳು. ಮಾನ ಹೋದ ಮೇಲೆ ಪ್ರಾಣ ಇದ್ದೇನು ಅಂತ ಗಾದೆ ಕಟ್ಟಿದವರು ಯಾರೋ, ಅವರಿಗೆ ಈ ಉರಿ ಬಂದಿರಲಿಕ್ಕಿಲ್ಲ.

ಒಂದು ಸಂಜೆ ಅಂಗಡಿಯಲ್ಲಿ ಹೊಸ ಹುಡುಗಿ ಇದ್ದಳು. ಟ್ಯೂಬ್ ನೋಡಿ, ‘ಎಷ್ಟು ದಿನದಿಂದ ಹಚ್ತಿದ್ದೀರಾ ಅಕ್ಕ? ರಕ್ತ ಹೋಗ್ತಿದ್ರೆ ಡಾಕ್ಟರಿಗೆ ತೋರಿಸ್ಬೇಕು’ ಎಂದಳು. ಮೆಲ್ಲಗೇ ಹೇಳಿದಳು, ಪಾಪ. ಆದರೆ ನಮ್ಮ ಹಿಂದೆ ಒಬ್ಬ ಗಂಡಸು ನಿಂತಿದ್ದ. ಅಕ್ಕನ ಮುಖ ಕೆಂಪಾಯಿತು. ‘ಕೊಡೂದಿದ್ರ ಕೊಡು, ಪಂಚಾಯ್ತಿ ಯಾಕ?’ ಎಂದು ಟ್ಯೂಬ್ ಕಸಿದುಕೊಂಡು ಹೊರಟಳು. ಅಂದಿನಿಂದ ದೂರದ ಇನ್ನೊಂದು ಅಂಗಡಿ. ಅಲ್ಲಿಯವನು ಬಾಯಿ ಬಿಡುತ್ತಿರಲಿಲ್ಲ. ನಮ್ಮನ್ನು ಕೇಳುವವಳು ಒಬ್ಬಳಾದರೂ ಸಿಕ್ಕಿದ್ದಳು, ಅವಳನ್ನೂ ಬಿಟ್ಟು ಬಂದೆವು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಕ್ಕ ಮಿಷನ್ ಮುಂದೆ ಕುಸಿದು ಬಿದ್ದ ದಿನ ದೊಡ್ಡಾಸ್ಪತ್ರೆಗೆ ಸೇರಿಸಿದರು. ಲೇಡಿ ಡಾಕ್ಟರು ಗ್ಲೌಸ್ ಹಾಕಿಕೊಂಡು ಬೆರಳಿಟ್ಟು ನೋಡಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ‘ಇದು ಪೈಲ್ಸ್ ಅಲ್ಲಮ್ಮ, ಗಡ್ಡೆ. ಇಲ್ಲೀವರೆಗೂ ಯಾರೂ ನೋಡೇ ಇಲ್ವಾ?’ ಅಂದರು. ಸ್ಕ್ಯಾನ್ ಮಾಡಿದಾಗ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು.

ಅಕ್ಕ ಅಳಲಿಲ್ಲ. ನನ್ನ ಕೈ ಹಿಡಿದು, ‘ಊರಾಗ ಹೊಟ್ಟಿ ಬ್ಯಾನಿ ಅಂತ ಹೇಳು. ಆ ಜಾಗದ್ದು ಅಂತ ಯಾರಿಗೂ ಹೇಳಬ್ಯಾಡ. ಆಣಿ ಮಾಡು’ ಎಂದಳು. ಮಾಡಿದೆ. ಅಕ್ಕ ಹೆಚ್ಚು ದಿನ ಉಳಿಯಲಿಲ್ಲ. ಮಣ್ಣಿಗೆ ಬಂದವರೆಲ್ಲ ಹೊಟ್ಟೆಬೇನೆಯ ಮಾತನ್ನೇ ಆಡಿಕೊಂಡು ಹೋದರು.

ಅದಾಗಿ ವರ್ಷಗಳೇ ಕಳೆದವು. ಹೋದ ತಿಂಗಳು ಅವಳ ಮಗಳು ಫೋನ್ ಮಾಡಿದಳು. ಮದುವೆಯಾಗಿ ಪೀಣ್ಯಕ್ಕೆ ಬಂದಿದ್ದಾಳೆ, ಅಲ್ಲೇ ಹೊಲಿಗೆ ಕೆಲಸ. ಅದೂ ಇದೂ ಮಾತಾಡಿ, ಕೊನೆಗೆ ‘ಚಿಗವ್ವಾ, ರಕ್ತ ಬೀಳಾಕತ್ತೇತಿ. ಯಾವ ಮುಲಾಮು ಹಚ್ಚಲಿ?’ ಎಂದು ಪಿಸುಗುಟ್ಟಿದಳು.

‘ಮುಲಾಮು ಬ್ಯಾಡ, ಕೇಳಿಲ್ಲಿ’ ಎಂದೆ. ‘ನಿಮ್ಮವ್ವ ಸತ್ತಿದ್ದು ಹೊಟ್ಟಿ ಬ್ಯಾನಿಯಿಂದಲ್ಲ.’