ಅರ್ಧಕ್ಕೆ ಮುಗಿಸಿದ ಸಾಲ

ಇದರಿಂದ ನನಗೆ ಆದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ಸಾಲ ಇಳಿಸಿಕೊಡುವ ಕಂಪನಿಗೆ ಕೊಟ್ಟ ಫೀ ಇಪ್ಪತ್ತೆರಡು ಸಾವಿರ, ಮನೆ ಕೊಳ್ಳಲು ಮುಂಗಡ ಕೊಟ್ಟು ಕೈಬಿಟ್ಟು ಹೋದ ಟೋಕನ್ ಹಣ ಐವತ್ತು ಸಾವಿರ, ಮತ್ತೆ ಮಗಳು ನನ್ನ ಜೊತೆ ಇರಬೇಕಾಗಿದ್ದ ವರ್ಷಗಳು. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆಗೆ ತೆತ್ತ ಬೆಲೆ ಅದು.

ನಾನು ಆಳಂದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಗಳು ರೇಣುಕಾಳನ್ನು ಅಣ್ಣನ ಮನೆಯಲ್ಲಿ ಬಿಟ್ಟು ಪುಣೆಗೆ ಬಂದೆ. ಭೋಸರಿಯಲ್ಲಿ ಬಾಡಿಗೆಗೆ ಒಂದೇ ಕೋಣೆಯ ಖೋಲಿ ಹಿಡಿದು, ಕಾರ್ಖಾನೆಗೆ ಹೋಗುವ ನಮ್ಮ ಕಡೆಯವರಿಗೆ ಜೋಳದ ರೊಟ್ಟಿ, ಪಲ್ಯ ಮಾಡಿಕೊಡುತ್ತೇನೆ. ಕೊರೋನಾ ಮುಗಿದ ಮೇಲೆ ಬ್ಯಾಂಕಿನಲ್ಲಿ ಸಾಲ ಮಾಡಿ ರೊಟ್ಟಿ ಯಂತ್ರ ತಂದೆ. ಅಷ್ಟರಲ್ಲಿ ಒಂದು ದೊಡ್ಡ ಮೆಸ್ಸಿನವರು ರೊಟ್ಟಿ ಕೊಳ್ಳುವುದನ್ನು ನಿಲ್ಲಿಸಿದರು. ಕಂತು ಕಟ್ಟುವುದು ಕಷ್ಟವಾಯಿತು.

ಮೊಬೈಲಿನಲ್ಲಿ ಜಾಹೀರಾತು ನೋಡಿ ಆ ಕಂಪನಿಗೆ ಹೋದೆ. ಅಲ್ಲಿಯವರು ಮರಾಠಿಯಲ್ಲಿ, ಕಂತು ಕಟ್ಟುವುದನ್ನು ನಿಲ್ಲಿಸಿ, ಬ್ಯಾಂಕಿನ ಫೋನ್ ಎತ್ತಬೇಡಿ, ಅವರೇ ಅರ್ಧಕ್ಕೆ ಇಳಿಯುತ್ತಾರೆ ಎಂದರು. ಅವರ ಫೀ ಮೇಲೂ ಚೌಕಾಸಿ ಮಾಡಿ ಸಹಿ ಹಾಕಿದೆ. ಅಂದಿನಿಂದ ಫೋನ್ ರಿಂಗಾದರೆ ಮೊದಲು ನಂಬರ್ ನೋಡುತ್ತಿದ್ದೆ. ಗುರುತಿಲ್ಲದ ನಂಬರ್ ಯಾವುದನ್ನೂ ಎತ್ತದೆ ಹೊಸ ಗಿರಾಕಿಗಳೂ ತಪ್ಪಿಹೋದರು. ಪಕ್ಕದ ಖೋಲಿಯವರಿಗೂ ಹೇಳಲಿಲ್ಲ. ಕೊನೆಗೆ ಬ್ಯಾಂಕು ಅರ್ಧದಷ್ಟು ಹಣಕ್ಕೆ ಒಪ್ಪಿತು, ಅಷ್ಟನ್ನು ಕಟ್ಟಿ ಮುಗಿಸಿದೆ. ಭಾರೀ ಲಾಭ ಮಾಡಿದೆ ಎಂದುಕೊಂಡೆ.

ರೇಣುಕಾ ಹತ್ತನೇ ಇಯತ್ತೆ ಪಾಸಾದಳು. ಯಂತ್ರವಿದ್ದ ಖೋಲಿಯಲ್ಲಿ ಇಬ್ಬರಿಗೆ ಜಾಗವಿರಲಿಲ್ಲ. ಅವಳನ್ನು ಕರೆಸಿಕೊಳ್ಳಬೇಕೆಂದು ಒಂದು ಸಣ್ಣ ಮನೆ ನೋಡಿ, ಬೆಲೆ ಇಳಿಸಿ, ಟೋಕನ್ ಕೊಟ್ಟು, ಬೇರೆ ಬ್ಯಾಂಕಿಗೆ ಸಾಲ ಕೇಳಲು ಹೋದೆ. ಅಲ್ಲಿಯ ಅಧಿಕಾರಿ ವಿಜಯಪುರದವರು.

"ಅಕ್ಕಾರ, ನೀವು ಹಳೇ ಸಾಲ ಪೂರ್ತಿ ತೀರಿಸಿಲ್ರಿ, ಅರ್ಧಕ್ಕ ಸೆಟಲ್ ಮಾಡೀರಿ. ಎಲ್ಲಾ ಬ್ಯಾಂಕಿನವರೂ ನೋಡೋ ನಿಮ್ಮ ಸಾಲದ ದಾಖಲೆದಾಗ ಹಂಗ ಬಿದ್ದದ."

"ಬ್ಯಾಂಕೇ ಒಪ್ಕೊಂಡದಲ್ರಿ?"

"ಒಪ್ಕೊಂಡದ. ನಿಮ್ಮ ಗಿರಾಕಿ ಒಬ್ಬ ಉದ್ರಿ ರೊಟ್ಟಿ ಒಯ್ದು, ರೊಕ್ಕ ಕೊಡದ ನಾಕು ತಿಂಗಳು ಮುಖಾನೇ ತೋರಿಸಲಿಲ್ಲ ಅನ್ರಿ. ಆಮ್ಯಾಲ ಬಂದು, ಅರ್ಧಾ ರೊಕ್ಕ ತಗೊಂಡು ಬಿಟ್ಟುಬಿಡ್ರಿ ಅಂದ. ನೀವೂ ಬಂದಷ್ಟು ಬರಲಿ ಅಂತ ತಗೊಂಡ್ರಿ. ಮರುದಿನ ಅವಗ ಮತ್ತ ಉದ್ರಿ ರೊಟ್ಟಿ ಕೊಡ್ತೀರೇನ್ರಿ?"

"ಕೊಡಂಗಿಲ್ರಿ," ಎಂದೆ.

"ನಾವೂ ಕೊಡಂಗಿಲ್ರಿ."

ಎದ್ದು ಬಂದೆ. ಟೋಕನ್ ತಿರುಗಿ ಬರಲಿಲ್ಲ. ಸಂಜೆ ರೇಣುಕಾ ಫೋನ್ ಮಾಡಿದಳು.

"ಅವ್ವಾ, ಮನಿ ಆತೇನು?"

"ಇಲ್ಲವ್ವ. ಸಾಲ ಕೊಡಂಗಿಲ್ಲ ಅಂದ್ರು."

"ನಿನ್ ಚೌಕಾಸಿ ಬ್ಯಾಂಕಿನ್ಯಾಗ ನಡೀಲಿಲ್ಲೇನು?" ಎಂದು ನಕ್ಕಳು. ನಾನು ನಗದಿದ್ದಾಗ ದನಿ ತಗ್ಗಿಸಿದಳು. "ಬಿಡವ್ವ. ಇಲ್ಲೇ ಕಲಬುರಗ್ಯಾಗ ಕಾಲೇಜಿಗೆ ಹೆಸರು ಹಚ್ಚತೀನಿ. ಮಾಮಾಗ ಹೇಳ್ತೀನಿ."

ಅಂದು ಎಲ್ಲರ ಡಬ್ಬಿ ಕಟ್ಟಿ ಕೊಟ್ಟೆ. ನನಗೆಂದು ಒಂದು ರೊಟ್ಟಿಯನ್ನೂ ಇಟ್ಟುಕೊಳ್ಳಲಿಲ್ಲ.

ಮೊದಲ ಬ್ಯಾಂಕು ಬಿಟ್ಟುಕೊಟ್ಟಿದ್ದ ಬಾಕಿಯನ್ನು ಆಮೇಲೆ ದುಡಿದು ಕೂಡಿಸಿ ನಾನೇ ಹೋಗಿ ತುಂಬಿದೆ. ಈಗ ದಾಖಲೆಯಲ್ಲಿ ಸಾಲ ಪೂರ್ತಿ ತೀರಿದೆ ಎಂದಿದೆ. ತಪ್ಪಿದ ಕಂತುಗಳ ಗುರುತು ಮಾತ್ರ ಹೋಗಿಲ್ಲ. ಸಾಲ ಕೊಡುವ ಮೊದಲು ಬ್ಯಾಂಕಿನವರು ನೋಡುವ ಸ್ಕೋರ್ ನಿಧಾನಕ್ಕೆ ಏರುತ್ತಿದೆ. ಮಗಳು ಕಲಬುರಗಿಯ ಹಾಸ್ಟೆಲಿನಲ್ಲಿದ್ದಾಳೆ, ಓದು ಮುಗಿಯುತ್ತ ಬಂತು.

ಕಂತು ಕಟ್ಟಲಾಗದಿದ್ದರೆ ನೀವೇ ಬ್ಯಾಂಕಿಗೆ ಹೋಗಿ ಅವಧಿ ಹೆಚ್ಚಿಸಿ, ಕಂತು ಇಳಿಸಿ ಎಂದು ಕೇಳಿ. ಕೇಳಲು ದುಡ್ಡು ಬೇಕಿಲ್ಲ. ಕಂತು ನಿಲ್ಲಿಸಿ ಎನ್ನುವವರು ಸಿಕ್ಕರೆ, ನನ್ನ ದಾಖಲೆಯಲ್ಲಿ ಏನೆಂದು ಬೀಳುತ್ತದೆ, ಬರೆದುಕೊಡಿ ಎನ್ನಿ. ಅರ್ಧಕ್ಕೆ ಮುಗಿಸಲೇಬೇಕಾದರೆ ಮುಂದೆ ಕೆಲವು ವರ್ಷ ಸಾಲ ಸಿಗುವುದಿಲ್ಲವೆಂದು ತಿಳಿದೇ ಮುಗಿಸಿ. ಸಹಿ ಹಾಕುವ ಮೊದಲು ಯಾರಿಗಾದರೂ ಒಬ್ಬರಿಗೆ ಹೇಳಿ. ಹೇಳಿಕೊಳ್ಳುವವರು ನೀವಿರುವ ಊರಲ್ಲಿ ಯಾರೂ ಇಲ್ಲದಿದ್ದರೆ ಬ್ಯಾಂಕಿನ ಕೌಂಟರಿನಲ್ಲೇ ನಿಂತು ಕೇಳಿ, ನಾಚಬೇಡಿ.